ಸ್ನೈಪ್ ಬೇಟೆ, ಹೊಗೆ ತಿರುಗಿಸೋ ಯಂತ್ರ, ಕೊಂಬಿನ ಮೊಲ: ಕ್ಯಾಂಪಿನ ಕೀಟಲೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ರಜೆ ಬಂತೆಂದರೆ ಅಮೆರಿಕದ ಕನ್ನಡ ಮನೆಗಳಲ್ಲಿ ಸಮ್ಮರ್ ಕ್ಯಾಂಪಿನದೇ ಮಾತು. ಮಕ್ಕಳು ಕಾಡಂಚಿನಲ್ಲಿ ಟೆಂಟು ಹಾಕಿಕೊಂಡು ಒಂದು ವಾರ ಇದ್ದು ಬರುತ್ತಾರೆ. ಬಂದವರೇ "ಅಮ್ಮಾ, ನಮ್ಮನ್ನ ಸ್ನೈಪ್ ಹಿಡಿಯೋಕೆ ಕಳಿಸಿದ್ರು" ಅನ್ನುತ್ತಾರೆ. ಅಪ್ಪ ಅಮ್ಮನಿಗೆ ತಲೆಬುಡ ತಿಳಿಯುವುದಿಲ್ಲ. ಆಫೀಸಿನ ಗೆಳೆಯರು ಜಿಂಕೆ ಬೇಟೆಯ ಕ್ಯಾಂಪಿಗೆ ಕರೆದಾಗ ದೊಡ್ಡವರಿಗೂ ಇದೇ ಪಾಡು. ಸ್ಕೌಟ್ ಕ್ಯಾಂಪುಗಳಲ್ಲಿ ಸ್ವಯಂಸೇವೆ ಮಾಡುವ ನನ್ನನ್ನು ಸ್ನೇಹಿತರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಈ ಕೀಟಲೆಗಳು ನನಗೆ ತುಂಬಾ ಇಷ್ಟ. ಹಾಗಾಗಿಯೇ ಅವು ಕೆಟ್ಟ ಕೈಗೆ ಸಿಗಬಾರದು ಅನ್ನುವ ಕಾಳಜಿಯೂ ಇದೆ.

ಸ್ನೈಪ್ ಬೇಟೆಯಲ್ಲಿ ನಿಜಕ್ಕೂ ಏನು ನಡೆಯುತ್ತದೆ?

ರಾತ್ರಿ ಊಟ ಮುಗಿದಿರುತ್ತದೆ. ಬೆಂಕಿಯ ಸುತ್ತ ಕೂತವರಲ್ಲಿ ಹಳಬನೊಬ್ಬ "ಇವತ್ತು ಸ್ನೈಪ್ ಓಡಾಡೋ ರಾತ್ರಿ" ಅನ್ನುತ್ತಾನೆ. ಇನ್ನೊಬ್ಬ ಆಕಾಶ ನೋಡಿ ಹೌದು ಅನ್ನುತ್ತಾನೆ. ಮೂರನೆಯವನು ಹೋದ ವರ್ಷ ಒಂದು ಕೈತಪ್ಪಿ ಹೋದ ಕತೆ ತೆಗೆಯುತ್ತಾನೆ. ಹೊಸಬ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತಾನೆ. ಅವನನ್ನು ಯಾರೂ ಕರೆಯುವುದಿಲ್ಲ. "ನಾನೂ ಬರ್ಲಾ?" ಅಂತ ಅವನೇ ಕೇಳುವ ತನಕ ಕಾಯುತ್ತಾರೆ. ಕೀಟಲೆಯ ಜಾಣತನವೆಲ್ಲ ಇರುವುದು ಇಲ್ಲೇ.

ಆಮೇಲೆ ಅವನ ಕೈಗೆ ಒಂದು ಗೋಣಿಚೀಲ ಬರುತ್ತದೆ. ಅದು ಇಲ್ಲದಿದ್ದರೆ ದಿಂಬಿನ ಕವರ್. ಜೊತೆಗೆ ಒಂದು ಟಾರ್ಚು. ಹೊಲದ ಆ ತುದಿಗೆ ಕರೆದುಕೊಂಡು ಹೋಗಿ ಒಂದು ತಗ್ಗಿನಲ್ಲಿ ಕೂರಿಸುತ್ತಾರೆ. ಚೀಲದ ಬಾಯಿ ನೆಲಕ್ಕೆ ತಾಗಿರಬೇಕು, ಅಗಲವಾಗಿ ತೆರೆದಿರಬೇಕು. ಬಾಯಲ್ಲಿ ಒಂದು ವಿಚಿತ್ರ ಸದ್ದು ಮಾಡುತ್ತಿರಬೇಕು. ಕೆಲವರು ಎರಡು ಕಲ್ಲು ತಂದುಕೊಟ್ಟು ಕುಟ್ಟು ಅನ್ನುತ್ತಾರೆ. "ನಾವು ಆ ಕಡೆಯಿಂದ ಪೊದೆ ಬಡೀತಾ ಅಟ್ಟಿಕೊಂಡು ಬರ್ತೀವಿ. ಸ್ನೈಪ್ ಬೆಳಕು ನೋಡಿ ಓಡಿ ಬಂದು ಚೀಲಕ್ಕೆ ನುಗ್ಗುತ್ತೆ. ತಕ್ಷಣ ಬಾಯಿ ಮುಚ್ಚಿಬಿಡು" ಅಂತ ಹೇಳಿ ಹೊರಡುತ್ತಾರೆ.

ಸ್ವಲ್ಪ ಹೊತ್ತು ಪೊದೆ ಬಡಿಯುವ ಸದ್ದು, ಕೂಗಾಟ ಕೇಳಿಸುತ್ತದೆ. ಬರಬರುತ್ತಾ ಅದು ದೂರವಾಗಿ ನಿಂತು ಹೋಗುತ್ತದೆ. ಅಟ್ಟಲು ಹೋದವರೆಲ್ಲ ಬಳಸುದಾರಿಯಲ್ಲಿ ವಾಪಸ್ ಬಂದು ಬೆಂಕಿಯ ಮುಂದೆ ಮಾರ್ಷ್‌ಮೆಲೋ ಸುಡುತ್ತಿರುತ್ತಾರೆ. ಹೊಸಬ ಚೀಲ ಹಿಡಿದು ಕೂತೇ ಇರುತ್ತಾನೆ. ಅವನಿಗೆ ವಿಷಯ ಹೊಳೆದು ಎದ್ದು ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿ ಬರಮಾಡಿಕೊಳ್ಳುತ್ತಾರೆ. ಮುಂದಿನ ಸಲ ಪೊದೆ ಬಡಿಯುವವರಲ್ಲಿ ಅವನೂ ಒಬ್ಬ.

ಹಾಗಾದರೆ ಸ್ನೈಪ್ ಅನ್ನೋದು ಸುಳ್ಳು ಪ್ರಾಣಿನಾ?

ಅಲ್ಲ. ಅದು ನಿಜವಾದ ಹಕ್ಕಿ. ತಮಾಷೆ ಗೊತ್ತಾದ ಮೇಲೆ ಎಷ್ಟೋ ಜನ ಹಕ್ಕಿಯೂ ಸುಳ್ಳು ಅಂದುಕೊಂಡು ಬಿಡುತ್ತಾರೆ. ಅಮೆರಿಕದಲ್ಲೇ ಹುಟ್ಟಿ ಬೆಳೆದವರಲ್ಲೂ ಇಂಥವರಿದ್ದಾರೆ.

ಉತ್ತರ ಅಮೆರಿಕದಲ್ಲಿರುವುದು ವಿಲ್ಸನ್ ಸ್ನೈಪ್. ಕೊಕ್ಕು ಸೇರಿ ಸುಮಾರು ಒಂದು ಗೇಣಿನ ಮೇಲೆ ಉದ್ದ, ನೂರು ಗ್ರಾಂ ಆಸುಪಾಸಿನ ತೂಕ. ಕಂದು ಮೈಮೇಲೆ ಒಣಹುಲ್ಲಿನ ಬಣ್ಣದ ಗೀರುಗಳು. ಜೌಗು ನೆಲದಲ್ಲಿ ಅಲ್ಲಾಡದೆ ಕೂತರೆ ಕಾಲ ಹತ್ತಿರ ಇದ್ದರೂ ಕಾಣುವುದಿಲ್ಲ. ಉದ್ದ ಕೊಕ್ಕನ್ನು ಕೆಸರಿಗೆ ಚುಚ್ಚಿ ಹುಳ ಹುಡುಕುತ್ತದೆ. ಕೊಕ್ಕಿನ ತುದಿ ಮೆತ್ತಗೆ, ಬಾಗುತ್ತದೆ. ಕೊಕ್ಕಿನ ಬುಡ ಮುಚ್ಚಿದ್ದರೂ ತುದಿಯನ್ನಷ್ಟೇ ತೆರೆದು ಕೆಸರಿನೊಳಗೇ ಹುಳ ಹಿಡಿಯಬಲ್ಲದು. ಕಣ್ಣುಗಳು ತಲೆಯ ಹಿಂಭಾಗಕ್ಕೆ ಸರಿದಿರುವುದರಿಂದ ಹಿಂದಿನಿಂದ ಬರುವ ಶತ್ರುವೂ ಕಾಣುತ್ತದೆ.

ಹತ್ತಿರ ಹೋದರೆ ಒಮ್ಮೆಗೇ ಎದ್ದು, ಅಂಕುಡೊಂಕಾಗಿ ಹಾರಿ ಮಾಯವಾಗುತ್ತದೆ. ಗುರಿ ಇಟ್ಟು ಹೊಡೆಯುವುದು ಬಹಳ ಕಷ್ಟ. ಇಂಥ ಹಕ್ಕಿಯನ್ನು ಚೀಲ ಹಿಡಿದುಕೊಂಡು ಕತ್ತಲಲ್ಲಿ ಹಿಡಿಯಲು ಹೋಗುವುದು ಅಂದರೆ! ಹಳೆಯ ಬೇಟೆಗಾರರಿಗೆ ಇದೇ ನಗು ತರಿಸುತ್ತಿದ್ದುದು.

ಬೇಟೆಯೂ ನಿಜ. ಅಮೆರಿಕದಲ್ಲಿ ಇವತ್ತಿಗೂ ಲೈಸೆನ್ಸ್ ಪಡೆದು ಸ್ನೈಪ್ ಹೊಡೆಯುವ ಸೀಸನ್ ಇದೆ. ಒಬ್ಬರಿಗೆ ದಿನಕ್ಕೆ 8 ಹಕ್ಕಿಯ ಮಿತಿ. ಹಿಂದೆ ಮಿತಿಯೇ ಇರಲಿಲ್ಲ. ಲೂಸಿಯಾನದಲ್ಲಿ ಜೇಮ್ಸ್ ಪ್ರಿಂಗಲ್ ಎಂಬಾತ 1867ರಿಂದ 20 ವರ್ಷಗಳಲ್ಲಿ 69 ಸಾವಿರಕ್ಕೂ ಹೆಚ್ಚು ಸ್ನೈಪ್ ಹೊಡೆದು ಲೆಕ್ಕ ಬರೆದಿಟ್ಟಿದ್ದ. ಹಕ್ಕಿಗಳ ಸಂಖ್ಯೆ ಕುಸಿದಾಗ 1941ರಿಂದ 1953ರವರೆಗೆ ದೇಶದಲ್ಲಿ ಸ್ನೈಪ್ ಬೇಟೆಯನ್ನೇ ನಿಲ್ಲಿಸಿದ್ದರು. ತಮಾಷೆಯ ಹೆಸರಾಗಿ ಉಳಿದ ಈ ಹಕ್ಕಿಗೆ ಇಷ್ಟು ಕಷ್ಟದ ಚರಿತ್ರೆ ಇದೆ ಅನ್ನುವುದನ್ನು ಮಕ್ಕಳಿಗೆ ಹೇಳಿ.

ಉತ್ತರದ ರಾಜ್ಯಗಳಲ್ಲಿ ಇರುವವರು ವಸಂತಕಾಲದ ಮುಸ್ಸಂಜೆ ಯಾವುದಾದರೂ ಜೌಗಿನ ಹತ್ತಿರ ಹೋಗಿ ನಿಲ್ಲಿ. ಗಂಡುಹಕ್ಕಿ ಮೇಲಕ್ಕೆ ಹಾರಿ ಕೆಳಕ್ಕೆ ಧುಮುಕುವಾಗ ಬಾಲದ ಅಂಚಿನ ಗರಿಗಳ ನಡುವೆ ಗಾಳಿ ನುಗ್ಗಿ "ಹುಹುಹುಹು" ಅಂತ ನಡುಗುವ ಸದ್ದು ಬರುತ್ತದೆ. ಗಂಟಲಿನಿಂದ ಬರುವ ಕೂಗಲ್ಲ ಅದು. ಮೊದಲ ಸಲ ಕೇಳಿದವರಿಗೆ ಮೈ ಜುಂ ಅನ್ನುತ್ತದೆ.

ಈ ಕೀಟಲೆ ಎಷ್ಟು ಹಳೆಯದು?

ಅಮೆರಿಕದಲ್ಲಿ 1840ರ ದಶಕದಿಂದಲೇ ಇದರ ಸುದ್ದಿ ಸಿಗುತ್ತದೆ. ಮೊದಲು ಹಳ್ಳಿಗೆ ಬಂದ ಪೇಟೆ ಹುಡುಗರ ಮೇಲೆ, ಕೆಲಸಕ್ಕೆ ಸೇರಿದ ಹೊಸಬರ ಮೇಲೆ ನಡೆಯುತ್ತಿತ್ತು. ಆಮೇಲೆ ಬೇಸಿಗೆ ಕ್ಯಾಂಪು, ಸ್ಕೌಟು, ಚರ್ಚಿನ ಯುವಕರ ಕ್ಯಾಂಪುಗಳಿಗೆ ಬಂತು.

ಬೇರೆ ದೇಶಗಳಲ್ಲೂ ಇದೆಯಾ?

ಇದೆ. ಅಚ್ಚರಿ ಅಂದರೆ ಚೀಲ, ಕತ್ತಲೆ, ಹೊಸಬ ಈ ಮೂರೂ ಅಲ್ಲೂ ಇವೆ.

ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಬೆಟ್ಟಗಳಲ್ಲಿ 'ದಾಹು' ಅನ್ನುವ ಪ್ರಾಣಿಯ ಬೇಟೆ. ಕಾಡುಮೇಕೆಯ ಹಾಗಿನದು. ಇಳಿಜಾರಿನಲ್ಲೇ ಬದುಕುವುದರಿಂದ ಒಂದು ಬದಿಯ ಕಾಲುಗಳು ಗಿಡ್ಡವಂತೆ. ಹಾಗಾಗಿ ಬೆಟ್ಟವನ್ನು ಒಂದೇ ದಿಕ್ಕಿನಲ್ಲಿ ಸುತ್ತಬಲ್ಲದು. ಹಿಡಿಯುವುದು ಹೇಗೆ? ಹಿಂದಿನಿಂದ ಸಿಳ್ಳೆ ಹಾಕಬೇಕು. ಅದು ತಿರುಗಿ ನೋಡಲು ಹೋಗಿ ಆಯತಪ್ಪಿ ಉರುಳುತ್ತದೆ. ಕೆಳಗೆ ಚೀಲ ಹಿಡಿದು ನಿಲ್ಲುವ ಕೆಲಸ ಹೊಸಬನದು!

ಜರ್ಮನಿಯ ಪಾಲಟಿನೇಟ್ ಕಡೆ 'ಎಲ್ವೆಟ್ರಿಚೆ' ಅನ್ನುವ ಕೋಳಿಯಂಥ ಜೀವಿ. ಅಲ್ಲಿ ಚೀಲದ ಜೊತೆ ಲಾಂದ್ರವನ್ನೂ ಕೊಡುತ್ತಾರೆ. ನಾಯ್‌ಷ್ಟಾಟ್ ಊರಿನಲ್ಲಿ ಇವುಗಳ ಪ್ರತಿಮೆಗಳಿರುವ ದೊಡ್ಡ ಕಾರಂಜಿಯೇ ಇದೆ. ಸ್ಪೇನಿನಲ್ಲಿ 'ಗಾಮುಸಿನೊ'. ಸ್ಕಾಟ್ಲೆಂಡಿನಲ್ಲಿ 'ಕಾಡು ಹ್ಯಾಗಿಸ್'. ಹ್ಯಾಗಿಸ್ ಅಂದರೆ ಕುರಿಯ ಒಳಾಂಗಗಳಿಂದ ಮಾಡುವ ಅಡುಗೆ. ಅದೇ ಒಂದು ಪ್ರಾಣಿ ಅಂತ ಪ್ರವಾಸಿಗರನ್ನು ನಂಬಿಸುತ್ತಾರೆ.

ಆಸ್ಟ್ರೇಲಿಯಾಕ್ಕೆ ಹೋದ ಕನ್ನಡಿಗರಿಗೆ 'ಡ್ರಾಪ್ ಬೇರ್' ಪರಿಚಯ ಆಗಿಯೇ ಇರುತ್ತದೆ. ಮರದ ಮೇಲಿಂದ ತಲೆ ಮೇಲೆ ಬೀಳುವ, ಮಾಂಸ ತಿನ್ನುವ ಕೊಆಲಾ ಪ್ರಾಣಿ ಅಂತೆ. ಅದರಿಂದ ಪಾರಾಗಲು ಅಲ್ಲಿನವರು ಬ್ರೆಡ್ಡಿಗೆ ಸವರುವ ವೆಜಿಮೈಟನ್ನು ಕಿವಿಯ ಹಿಂದೆ ಹಚ್ಚಿಕೊಳ್ಳಬೇಕಂತೆ. ಸಿಡ್ನಿಯ ಆಸ್ಟ್ರೇಲಿಯನ್ ಮ್ಯೂಸಿಯಂ ಈ ಪ್ರಾಣಿಗೆ ವೈಜ್ಞಾನಿಕ ಹೆಸರು ಕೊಟ್ಟು, ತನ್ನ ವೆಬ್‌ಸೈಟಿನಲ್ಲಿ ನಿಜವಾದ ಪ್ರಾಣಿಗಳ ಪಕ್ಕದಲ್ಲೇ ಇದಕ್ಕೂ ಒಂದು ಪುಟ ಮೀಸಲಿಟ್ಟಿದೆ.

ಮಗ "ಎಡಗೈ ಹೊಗೆ ತಿರುಗಿಸೋ ಯಂತ್ರ" ಹುಡುಕಿಕೊಂಡು ಕ್ಯಾಂಪೆಲ್ಲ ಸುತ್ತಿದನಂತೆ. ಏನದು?

ಅಂಥ ಯಂತ್ರ ಇಲ್ಲ. ಇದು ಇಲ್ಲದ ವಸ್ತು ತರಲು ಓಡಿಸುವ ಕೀಟಲೆ. ಬೆಂಕಿಯ ಹೊಗೆ ಕಣ್ಣಿಗೆ ಬರುತ್ತಿದೆ ಅಂತ ಶುರುವಾಗುತ್ತದೆ. "ಪಕ್ಕದ ಗುಂಪಿನವರ ಹತ್ರ ಹೊಗೆ ತಿರುಗಿಸೋದು ಇದೆ. ಎಡಗೈಯವರದ್ದೇ ಬೇಕು, ಮರೀಬೇಡ" ಅನ್ನುತ್ತಾರೆ. ಪಕ್ಕದ ಗುಂಪಿನವರಿಗೆ ಆಟ ಗೊತ್ತು. ಮುಖ ಗಂಭೀರವಾಗಿ ಇಟ್ಟುಕೊಂಡು "ಅಯ್ಯೋ, ಈಗ ತಾನೇ ಅಡುಗೆಮನೆಯವರು ತಗೊಂಡು ಹೋದ್ರಲ್ಲಾ" ಅನ್ನುತ್ತಾರೆ. ಅಡುಗೆಮನೆಯವರು ದೋಣಿಮನೆಗೆ ಕಳಿಸುತ್ತಾರೆ. ದೋಣಿಮನೆಯವರು "ಅದು ಇಲ್ಲ, 50 ಅಡಿ ಕೆರೆದಡ ಇದೆ, ಬೇಕಾ?" ಅನ್ನುತ್ತಾರೆ.

ಬೇಕನ್ (ಹಂದಿಮಾಂಸದ ತೆಳು ಪಟ್ಟಿ) ಎಳೆದು ಉದ್ದ ಮಾಡುವ ಸಾಧನ, ಪಟ್ಟೆ ಪಟ್ಟೆ ಬಣ್ಣದ ಡಬ್ಬ, ಒಂದು ಬಕೆಟ್ ಹಬೆ ಇವೆಲ್ಲ ಇದೇ ಸಾಲಿನವು. ಹೊಸ ಮಕ್ಕಳಿಗೆ ಇದನ್ನೇ ನಾನು ಮೊದಲು ಆರಿಸುತ್ತೇನೆ. ಹಗಲಲ್ಲಿ ನಡೆಯುತ್ತದೆ, ಸುತ್ತ ಜನ ಇರುತ್ತಾರೆ, ಮಗು ಓಡಾಡುತ್ತಾ ಕ್ಯಾಂಪಿನ ಮೂಲೆಮೂಲೆ ನೋಡಿಬಿಡುತ್ತದೆ. ಸಂಜೆ ಹೊತ್ತಿಗೆ ಅಡುಗೆಯವರಿಂದ ಹಿಡಿದು ಎಲ್ಲರಿಗೂ ಆ ಮಗುವಿನ ಹೆಸರು ಗೊತ್ತಿರುತ್ತದೆ. ಮನೆ ಬಿಟ್ಟು ಮೊದಲ ಸಲ ಬಂದ ಮಗುವಿಗೆ ಇದು ಸಣ್ಣ ಉಪಕಾರವಲ್ಲ.

ಹೋಟೆಲಿನ ಗೋಡೆ ಮೇಲೆ ಕೊಂಬಿರುವ ಮೊಲದ ತಲೆ ನೋಡಿದೆ. ಅದು ನಿಜವಾ?

ಅದು ಜಾಕಲೋಪ್. ವಯೋಮಿಂಗ್ ರಾಜ್ಯದ ಡಗ್ಲಾಸ್ ಊರಿನದು. 1930ರ ದಶಕದಲ್ಲಿ ಹೆರಿಕ್ ಅಣ್ಣತಮ್ಮಂದಿರು ಬೇಟೆ ಮುಗಿಸಿ ಬಂದು ಸತ್ತ ಮೊಲವನ್ನು ಅಂಗಡಿಯ ನೆಲಕ್ಕೆ ಎಸೆದರು. ಅದು ಜಾರಿ ಹೋಗಿ ಒಂದು ಜೊತೆ ಕೊಂಬಿನ ಪಕ್ಕ ನಿಂತಿತು. ಪ್ರಾಣಿಗಳ ಚರ್ಮಕ್ಕೆ ಹುಲ್ಲು ತುಂಬಿಡುವ ವಿದ್ಯೆ ಅವರಿಗೆ ಗೊತ್ತಿತ್ತು. ಎರಡನ್ನೂ ಸೇರಿಸಿ ಮಾಡಿದ ಮೊದಲ ತಲೆಯನ್ನು ಊರಿನ ಹೋಟೆಲಿನವರು 10 ಡಾಲರಿಗೆ ಕೊಂಡರು. ಈಗ ಡಗ್ಲಾಸಿನಲ್ಲಿ ಜಾಕಲೋಪ್ ಬೇಟೆಯ ಲೈಸೆನ್ಸ್ ಸಿಗುತ್ತದೆ. ಜೂನ್ 31ರಂದು ಮಾತ್ರ, ಅದೂ ಮಧ್ಯರಾತ್ರಿಯಿಂದ 2 ಗಂಟೆಯವರೆಗೆ ಹೊಡೆಯಬಹುದು. ಹೊಸಬರು ಲೈಸೆನ್ಸನ್ನು ಜೋಪಾನವಾಗಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಜೂನ್‌ನಲ್ಲಿ ಎಷ್ಟು ದಿನ ಅಂತ ಲೆಕ್ಕ ಹಾಕುವುದು ಆಮೇಲೆ.

ಕಾಡುಮೊಲಗಳ ಮುಖದ ಮೇಲೆ ಕೊಂಬಿನ ಹಾಗೆ ಗಂಟು ಬೆಳೆಸುವ ಒಂದು ವೈರಸ್ ಮಾತ್ರ ನಿಜವಾಗಿ ಇದೆ. ರಿಚರ್ಡ್ ಶೋಪ್ ಎಂಬ ವಿಜ್ಞಾನಿ 1933ರಲ್ಲಿ ಅದನ್ನು ತೋರಿಸಿದರು. ವೈರಸ್‌ನಿಂದ ಕ್ಯಾನ್ಸರ್ ಬರಬಹುದು ಅನ್ನುವ ತಿಳಿವಳಿಕೆಗೆ ಆ ಕೆಲಸ ದೊಡ್ಡ ಮೆಟ್ಟಿಲಾಯಿತು.

ಜಾಕಲೋಪಿನ ಜಾತಿಯದೇ ಇನ್ನೊಂದು ಕತೆ ವಿಸ್ಕಾನ್ಸಿನ್ ರಾಜ್ಯದ ರೈನ್‌ಲ್ಯಾಂಡರ್ ಊರಿನ 'ಹೋಡಾಗ್' ಅನ್ನುವ ಇಲ್ಲದ ಪ್ರಾಣಿಯದು. ಮರ ಕಡಿಯುವವರ ಕ್ಯಾಂಪುಗಳಲ್ಲಿ ಹೊಸಬರನ್ನು ಹೆದರಿಸಲು ಇಂಥ ಪ್ರಾಣಿಗಳ ದೊಡ್ಡ ಪಟ್ಟಿಯೇ ಇತ್ತು. ಯೂಜೀನ್ ಶೆಪರ್ಡ್ ಎಂಬಾತ 1893ರಲ್ಲಿ ಹೋಡಾಗ್ ಸಿಕ್ಕಿತು ಅಂದ. ಮೂರು ವರ್ಷದ ಮೇಲೆ ಜೀವಂತ ಹಿಡಿದಿದ್ದೇನೆ ಅಂತ ಜಾತ್ರೆಯಲ್ಲಿ ಇಟ್ಟ. ಮಬ್ಬುಗತ್ತಲಿನ ಡೇರೆಯಲ್ಲಿ ತಂತಿ ಎಳೆದು ಅಲ್ಲಾಡಿಸುತ್ತಿದ್ದ. ಕೊನೆಗೆ ಬಯಲಾಯಿತು. ಆದರೂ ಊರಿನವರು ಹೋಡಾಗನ್ನು ಬಿಟ್ಟುಕೊಡಲಿಲ್ಲ. ಅಲ್ಲಿನ ಹೈಸ್ಕೂಲು ತಂಡದ ಹೆಸರೇ ಹೋಡಾಗ್ಸ್.

ಜಿಂಕೆ ಹಿಕ್ಕೆ ತಿನ್ನೋ ಗೈಡ್ ಕತೆ ನಿಜವಾ?

ನಿಜ, ಮತ್ತು ನನ್ನ ಅಚ್ಚುಮೆಚ್ಚಿನದು. ಚಾಕೊಲೇಟ್ ಮೆತ್ತಿದ ಒಣದ್ರಾಕ್ಷಿ ಜಿಂಕೆ ಹಿಕ್ಕೆಯ ಹಾಗೇ ಇರುತ್ತದೆ. ಮುಂದೆ ನಡೆಯುವವನು ಅದನ್ನು ದಾರಿಯಲ್ಲಿ ಒಂದು ಎಲೆಯ ಮೇಲೆ ಹಾಕಿ ಬಂದಿರುತ್ತಾನೆ. ಎಲ್ಲರೂ ಹತ್ತಿರ ಬಂದಾಗ ಬಗ್ಗುತ್ತಾನೆ. ಒಂದನ್ನು ಬೆರಳಲ್ಲಿ ಒತ್ತಿ ನೋಡುತ್ತಾನೆ, ಮೂಸುತ್ತಾನೆ, ಬಾಯಿಗೆ ಹಾಕಿ ನಿಧಾನಕ್ಕೆ ಅಗಿಯುತ್ತಾನೆ. "ಹೆಣ್ಣು ಜಿಂಕೆ. ಹೋಗಿ ಅರ್ಧ ಗಂಟೆ ಆಗಿದೆ" ಅನ್ನುತ್ತಾನೆ. ಹಿಂದೆ ನಿಂತವರ ಮುಖ ನೋಡಬೇಕು!

ಇಲ್ಲಿ ಕೀಟಲೆ ಮಾಡುವವನೇ ತಿನ್ನುತ್ತಾನೆ. ಬೇರೆಯವರ ಬಾಯಿಗೆ ಏನೂ ಹೋಗುವುದಿಲ್ಲ. ಒಂದೇ ಎಚ್ಚರಿಕೆ: ತಕ್ಷಣ ಗುಟ್ಟು ಬಿಟ್ಟುಕೊಡಿ. ಇಲ್ಲದಿದ್ದರೆ ಚಿಕ್ಕ ಮಕ್ಕಳು ಮುಂದೆ ನಿಜವಾದ ಹಿಕ್ಕೆಗೆ ಕೈ ಹಾಕುತ್ತಾರೆ.

ಬೇಟೆ ಕ್ಯಾಂಪಿಗೆ ದೊಡ್ಡವರು ಹೋದರೆ ಏನು ಎದುರಾಗಬಹುದು?

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಜಿಂಕೆಗೆ ಗುರಿ ತಪ್ಪಿದವನ ಅಂಗಿಯ ಹಿಂದಿನ ತುದಿ ಕತ್ತರಿಸುವ ಪದ್ಧತಿ ಇದೆ. ಕತ್ತರಿಸಿದ ಬಟ್ಟೆಯ ಮೇಲೆ ಹೆಸರು, ತಾರೀಖು ಬರೆದು ಕ್ಯಾಂಪಿನ ಗೋಡೆಗೆ ಹೊಡೆಯುತ್ತಾರೆ. ಹಾಗಾಗಿ ಒಳ್ಳೆಯ ಅಂಗಿ ಹಾಕಿಕೊಂಡು ಹೋಗಬೇಡಿ. ಗೋಡೆಯಲ್ಲಿ ತಾತ, ಮಗ, ಮೊಮ್ಮಗ ಮೂವರ ಅಂಗಿತುದಿಯೂ ಇರುವ ಕ್ಯಾಂಪುಗಳಿವೆ.

ಮೊದಲ ಜಿಂಕೆ ಹೊಡೆದವರ ಕೆನ್ನೆಗೆ ಅದರ ರಕ್ತ ಹಚ್ಚುವುದೂ ಕೆಲವು ಕಡೆ ಇದೆ. ಅದು ಕೀಟಲೆಯಲ್ಲ, ಅವರಿಗೆ ಗೌರವದ ವಿಷಯ. ನಿಮಗೆ ಬೇಡವಾದರೆ ಮೊದಲೇ ಹೇಳಿಬಿಡಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ನಮ್ಮ ಕಾಲೇಜುಗಳ ರ‍್ಯಾಗಿಂಗ್‌ಗೂ ಇದಕ್ಕೂ ಏನು ವ್ಯತ್ಯಾಸ?

ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು, ಕೇಳಲೇಬೇಕಾದ ಪ್ರಶ್ನೆಯೂ ಹೌದು. ರ‍್ಯಾಗಿಂಗ್‌ನಲ್ಲಿ ನಮ್ಮ ಮಕ್ಕಳು ಜೀವ ಕಳೆದುಕೊಂಡಿದ್ದಾರೆ. 2009ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಟ್ಟುನಿಟ್ಟಿನ ನಿಯಮ ತಂದಿದ್ದು ಅದಕ್ಕೇ. ಅದನ್ನು ನೋಡಿದ ತಂದೆತಾಯಿ ಹೆದರಿದರೆ ತಪ್ಪೇನಿಲ್ಲ.

ನಾನು ನೋಡುವುದು ಮೂರು ವಿಷಯ. ಹೊಸಬ ಯಾವ ಕ್ಷಣದಲ್ಲಾದರೂ ಎದ್ದು ಬರಬಹುದಾ? ಹತ್ತಿರದಲ್ಲಿ ಒಬ್ಬ ದೊಡ್ಡವರು ಕಣ್ಣಿಟ್ಟಿದ್ದಾರಾ? ಕೊನೆಯಲ್ಲಿ ನಗು ಎಲ್ಲರದೂ ಆಗುತ್ತದಾ? ಮೂರಕ್ಕೂ ಹೌದು ಅಂದರೆ ಅದು ಆಟ. ಒಂದಕ್ಕೆ ಇಲ್ಲ ಅಂದರೂ ನಿಲ್ಲಿಸಬೇಕು. "ನಮಗೂ ಹೀಗೇ ಮಾಡಿದ್ರು" ಅನ್ನುವುದು ಕಾರಣವೇ ಅಲ್ಲ.

ಅಮೆರಿಕದ ಸ್ಕೌಟ್ ಸಂಸ್ಥೆಯ ನಿಯಮಗಳೂ ಬಿಗಿಯಾಗಿವೆ. ಹೊಸಬರನ್ನು ಸೇರಿಸಿಕೊಳ್ಳುವ ನೆಪದಲ್ಲಿ ಹಿಂಸೆ ಕೊಡುವುದು, ಅವಮಾನ ಮಾಡುವುದು ನಿಷಿದ್ಧ. ಪ್ರತಿ ಚಟುವಟಿಕೆಯಲ್ಲೂ ಕಡಿಮೆಯೆಂದರೆ ಇಬ್ಬರು ದೊಡ್ಡವರು ಇರಬೇಕು. ಮಕ್ಕಳು ಜೋಡಿಯಾಗಿಯೇ ಓಡಾಡಬೇಕು. ಅಂದರೆ ಒಂಟಿ ಮಗುವನ್ನು ಕತ್ತಲಲ್ಲಿ ಬಿಟ್ಟು ಬರುವ ಹಳೆಯ ಕಾಲದ ಸ್ನೈಪ್ ಬೇಟೆಗೆ ಅಲ್ಲಿ ಜಾಗ ಇಲ್ಲ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಈಗ ಇಡೀ ಗುಂಪೇ ಸೇರಿ ಬೇಟೆಗೆ ಹೋಗುವುದು ಜಾಸ್ತಿ. ಹೊಸಬರೆಲ್ಲ ಒಟ್ಟಿಗೆ ಚೀಲ ಹಿಡಿದು ಸಾಲಾಗಿ ಕೂರುತ್ತಾರೆ, ಪಕ್ಕದ ಮರದ ಹಿಂದೆ ಇಬ್ಬರು ದೊಡ್ಡವರು ನಿಂತಿರುತ್ತಾರೆ. ಮಜಾ ಏನೂ ಕಮ್ಮಿಯಾಗಿಲ್ಲ.

ಯಾವುದನ್ನು ಮಾಡಲೇಬಾರದು?

ಬಂದೂಕು ಇರುವ ಕಡೆ ಯಾವ ಕೀಟಲೆಯೂ ಬೇಡ. ಪೊದೆಯಲ್ಲಿ ಅಡಗಿ ಕರಡಿಯ ಹಾಗೆ ಗುರುಗುಟ್ಟುವುದು ಅತಿ ದೊಡ್ಡ ಮೂರ್ಖತನ. ಎದುರಿನವರ ಕೈಯಲ್ಲಿ ಗನ್ನು ಅಥವಾ ಕರಡಿಗೆ ಹೊಡೆಯುವ ಖಾರದ ಸ್ಪ್ರೇ ಇರಬಹುದು. ಟೆಂಟಿನಲ್ಲಿ ತಿಂಡಿ ಬಚ್ಚಿಡುವುದೂ ಬೇಡ, ವಾಸನೆಗೆ ನಿಜವಾದ ಕರಡಿಯೇ ಬರುತ್ತದೆ. ಬೆಂಕಿಯ ಹತ್ತಿರ ರಬ್ಬರ್ ಹಾವು ಎಸೆದರೆ ಜನ ಹಿಂದೆ ಮುಂದೆ ನೋಡದೆ ಜಿಗಿಯುತ್ತಾರೆ. ಔಷಧಿ, ಕನ್ನಡಕ, ಶೂ, ನೀರು ಬಚ್ಚಿಡುವುದು ಕಾಡಿನಲ್ಲಿ ತಮಾಷೆಯಲ್ಲ. ಚಳಿಯಲ್ಲಿ ಒಬ್ಬರ ಬಟ್ಟೆ ಒದ್ದೆ ಮಾಡುವುದಂತೂ ಪ್ರಾಣಕ್ಕೇ ಸಂಚಕಾರ.

ಇನ್ನೊಂದು ಮಾತು ನಮ್ಮವರಿಗಾಗಿ. ಸಸ್ಯಾಹಾರಿಗಳಿಗೆ ಗೊತ್ತಿಲ್ಲದೆ ಮಾಂಸ ತಿನ್ನಿಸುವುದನ್ನು ಕೆಲವರು ಕೀಟಲೆ ಅಂದುಕೊಳ್ಳುತ್ತಾರೆ. ಅದು ಕೀಟಲೆಯಲ್ಲ, ಮೋಸ. ಮಗುವನ್ನು ಕಳಿಸುವಾಗ ಊಟದ ವಿಷಯವನ್ನು ಕ್ಯಾಂಪಿನವರಿಗೆ ಸ್ಪಷ್ಟವಾಗಿ ಬರೆದುಕೊಡಿ.

ಮಗಳು ಅತ್ತುಕೊಂಡು ಬಂದಳು. ಏನು ಮಾಡಲಿ?

"ಅಷ್ಟಕ್ಕೆಲ್ಲ ಅಳ್ತಾರಾ" ಅನ್ನಬೇಡಿ. ಮೊದಲು ಪೂರ್ತಿ ಕೇಳಿಸಿಕೊಳ್ಳಿ. ಎಷ್ಟು ಹೊತ್ತು ಒಬ್ಬಳೇ ಇದ್ದಳು, ದೊಡ್ಡವರು ಎಲ್ಲಿದ್ದರು, ಆಮೇಲೆ ಯಾರು ಏನಂದರು ಅಂತ ಕೇಳಿ. ಒಂಟಿಯಾಗಿ ಬಿಟ್ಟಿದ್ದರೆ ಕ್ಯಾಂಪಿನ ಮುಖ್ಯಸ್ಥರ ಜೊತೆ ಮಾತಾಡಲೇಬೇಕು. ಎಷ್ಟೋ ಸಲ ಮಕ್ಕಳಿಗೆ ಕತ್ತಲೆಗಿಂತ ಆಮೇಲಿನ ನಗು ನೋವು ಕೊಟ್ಟಿರುತ್ತದೆ.

ಕೀಟಲೆ ಅಂತ ಮೊದಲೇ ಗೊತ್ತಾದರೆ ಹೇಗೆ ನಡೆದುಕೊಳ್ಳಬೇಕು?

ಆಟ ಕೆಡಿಸಬೇಡಿ, ತಿರುಗಿಸಿ. ಒಂದು ಕ್ಯಾಂಪಿನಲ್ಲಿ ನಮ್ಮ ಜೊತೆ ಇದ್ದ ಪುಟ್ಟ ಹುಡುಗಿಗೆ ಅನುಮಾನ ಬಂತು. ಅವಳು ಸುಮ್ನೆ ಎದ್ದು ಬರಲಿಲ್ಲ. ಬಿದ್ದಿದ್ದ ಪೈನ್ ಕಾಯಿಗಳನ್ನು ದಿಂಬಿನ ಕವರಿಗೆ ತುಂಬಿದಳು. ಬಾಯಿಯನ್ನು ಎರಡು ಸುತ್ತು ತಿರುಚಿ, ಎದೆಗೆ ಅವುಚಿಕೊಂಡು ಓಡಿ ಬಂದಳು. "ಸಿಕ್ತು! ಯಾರೂ ಮುಟ್ಟಬೇಡಿ, ಕಚ್ಚುತ್ತೆ!" ಅಂದಳು. ಕವರನ್ನು ಒಳಗಿಂದೊಳಗೇ ಅಲ್ಲಾಡಿಸುತ್ತಿದ್ದಳು. ಕಳಿಸಿದ ದೊಡ್ಡ ಹುಡುಗರು ಒಂದು ಹೆಜ್ಜೆ ಹಿಂದೆ ಸರಿದರು. ಒಬ್ಬ ನಿಜವಾಗಿಯೂ ಬೆಂಚಿನ ಮೇಲೆ ಹತ್ತಿದ.

ಕರ್ನಾಟಕದಲ್ಲಿ ಟ್ರೆಕ್ಕಿಂಗ್ ಹೋದಾಗ ಇದನ್ನೆಲ್ಲ ಆಡಬಹುದಾ?

ರಾತ್ರಿಯ ಸ್ನೈಪ್ ಬೇಟೆ ಖಂಡಿತ ಬೇಡ. ನಮ್ಮ ಕಾಡುಗಳಲ್ಲಿ ಆನೆ, ಚಿರತೆ, ಕರಡಿ, ವಿಷದ ಹಾವು ಇವೆ. ರಾತ್ರಿ ಒಂಬತ್ತರ ಮೇಲೆ ಬಂಡೀಪುರದ ಹೆದ್ದಾರಿಯಲ್ಲಿ ಗಾಡಿಗಳನ್ನೇ ಬಿಡುವುದಿಲ್ಲ. ಅಂಥ ಕಡೆ ಚೀಲ ಹಿಡಿದು ಪೊದೆ ಬಡಿಯುವುದು ಪ್ರಾಣಿಗಳಿಗೂ ತೊಂದರೆ, ನಮಗೂ ಅಪಾಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹಕ್ಕಿ ಹಿಡಿಯುವ ನಾಟಕ ನೋಡಿದರೂ ಅರಣ್ಯ ಸಿಬ್ಬಂದಿಗೆ ಅನುಮಾನ ಬರುವುದು ಸಹಜ.

ಹೋಂಸ್ಟೇ ಅಂಗಳದಲ್ಲಿ, ತೋಟದ ಮನೆಯಲ್ಲಿ ಹೊಗೆ ತಿರುಗಿಸೋ ಯಂತ್ರ ಹುಡುಕಿಸಿ. ದ್ರಾಕ್ಷಿಯ ಹಿಕ್ಕೆ ಹಗಲಲ್ಲಿ, ಅಂಗಳದ ಆಚೆ ನಾಲ್ಕು ಹೆಜ್ಜೆಯಲ್ಲೇ ಮಾಡಬಹುದು. ಮಳೆಗಾಲದಲ್ಲಿ ಇಂಬಳದ ವಿಷಯದಲ್ಲಿ ಮಾತ್ರ ಸುಳ್ಳು ಹೇಳಿ ಹೆದರಿಸಬೇಡಿ. ಅದು ನಿಜವಾಗಿ ಹತ್ತುತ್ತದೆ. ಕಾಲುಚೀಲಕ್ಕೆ ಸುಣ್ಣ, ಹೊಗೆಸೊಪ್ಪಿನ ಪುಡಿ ಹಚ್ಚಿಕೊಳ್ಳುವ ಉಪಾಯವನ್ನು ಹೊಸಬರು ನಂಬಬೇಕಾಗುತ್ತದೆ. ನೀವು ಬೆಳಗ್ಗೆಯಿಂದ ಬರೀ ಸುಳ್ಳು ಹೇಳಿದ್ದರೆ ಆಗ ನಂಬುವುದಿಲ್ಲ.

ಸ್ನೈಪ್ ಹಕ್ಕಿಯನ್ನು ಮಾತ್ರ ಇಲ್ಲೂ ತೋರಿಸಬಹುದು. ವಿಲ್ಸನ್ ಸ್ನೈಪಿನ ಹತ್ತಿರದ ನೆಂಟರಾದ ಎರಡು ಜಾತಿಯ ಸ್ನೈಪ್‌ಗಳು ಚಳಿಗಾಲದಲ್ಲಿ ಉತ್ತರದಿಂದ ನಮ್ಮ ಕೆರೆಯಂಚಿಗೆ, ಗದ್ದೆಯ ಕೆಸರಿಗೆ ಬರುತ್ತವೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಬೈನಾಕ್ಯುಲರ್ ಹಿಡಿದು ಕೆರೆ ಏರಿಯ ಮೇಲೆ ಹೋಗಿ. ನೀರು ಇಳಿದು ಕೆಸರು ಉಳಿದ ಅಂಚನ್ನು ನಿಧಾನಕ್ಕೆ ನೋಡುತ್ತಾ ಬನ್ನಿ. ಜೊತೆಗೆ ಬಂದ ಸ್ನೇಹಿತರು ಚೀಲ ತಂದಿದ್ದರೆ ಕಾರಿನಲ್ಲೇ ಬಿಟ್ಟು ಬರಲು ಹೇಳಿ.